ಸರ್ಕಾರಿ ಶಾಲೆ ಯಾರ ಕೈಯಲ್ಲಿದೆ? ಯಾವ ದೂರು ಯಾರಿಗೆ ಕೊಡಬೇಕು? ಇಲ್ಲಿದೆ ಮಾಹಿತಿ

ಶಾಲೆಯ ಹೆಂಚು ಸೋರಿದರೂ ಹೆಡ್‌ಮಾಸ್ಟರ್‌ಗೆ ಬೈಗುಳ, ಮೇಷ್ಟ್ರು ಸಾಲದಿದ್ದರೂ ಅವರಿಗೇ ಬೈಗುಳ. ಆದರೆ ಕಟ್ಟಡಕ್ಕೆ ದುಡ್ಡು ಕೊಡೋದಾಗಲಿ, ಕಾಯಂ ಶಿಕ್ಷಕರನ್ನ ನೇಮಿಸೋದಾಗಲಿ ಅವರ ಕೈಯಲ್ಲಿಲ್ಲ. ದೂರು ತಪ್ಪು ಟೇಬಲ್‌ಗೆ ಹೋದರೆ ಅಲ್ಲೇ ಧೂಳು ತಿನ್ನುತ್ತೆ, ಮಕ್ಕಳ ವರ್ಷ ಮಾತ್ರ ಕಳೆದುಹೋಗುತ್ತೆ. ಹಾಗಾಗಿ ಯಾರ ಕೆಲಸ ಏನು ಅಂತ ತಿಳಿದಿರಲಿ.

ರಾಜ್ಯ ಮಟ್ಟ
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ ಬೆಂಗಳೂರಿನಲ್ಲಿದೆ. ಸಚಿವರ ಕೆಳಗೆ ಕಾರ್ಯದರ್ಶಿ, ಆಯುಕ್ತರು. ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರಿದ್ದಾರೆ. ಹುದ್ದೆ ಮಂಜೂರಾತಿ, ಪಠ್ಯಕ್ರಮ, ಬಜೆಟ್ ಎಲ್ಲ ಇಲ್ಲೇ ತೀರ್ಮಾನ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸೋದು ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆ ಇದೆ, ಕೌನ್ಸೆಲಿಂಗ್ ಮೂಲಕವೇ ನಡೆಯಬೇಕು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40.

ಜಿಲ್ಲಾ ಮಟ್ಟ
ಇಲ್ಲಿ ಉಪನಿರ್ದೇಶಕರು, ಅಂದರೆ ಡಿಡಿಪಿಐ. ರಾಜ್ಯದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಚಿಕ್ಕೋಡಿ, ಶಿರಸಿ, ಮಧುಗಿರಿಗೆ ಬೇರೆ ಡಿಡಿಪಿಐ ಇರೋದು ಇದೇ ಕಾರಣಕ್ಕೆ. ಶಿಕ್ಷಕರ ತರಬೇತಿ ನೋಡಿಕೊಳ್ಳೋದು ಡಯಟ್. ಶಾಲೆಗಳ ಅನುದಾನದ ಒಂದು ಭಾಗ ಜಿಲ್ಲಾ ಪಂಚಾಯಿತಿ ಮೂಲಕ ಬರುತ್ತೆ. ಆದರೆ 2021ರಲ್ಲಿ ಜಿಪಂ, ತಾಪಂ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಭೆಯಲ್ಲಿ ಶಾಲೆ ವಿಷಯ ಎತ್ತುತ್ತಿದ್ದ ಸದಸ್ಯರಿಲ್ಲದೆ ಎಲ್ಲ ಅಧಿಕಾರಿಗಳ ಕೈಗೆ ಹೋಯ್ತು.

ತಾಲೂಕು ಮಟ್ಟ
ಬಿಇಒ ಸಾಹೇಬರೇ ಇಲ್ಲಿ ಮುಖ್ಯಸ್ಥರು. ಅವರ ಜೊತೆ ಬಿಆರ್‌ಸಿ, ಕ್ಲಸ್ಟರ್‌ಗೆ ಸಿಆರ್‌ಪಿ. ಬಿಸಿಯೂಟ ಮಾತ್ರ ಬೇರೆ: ಅದಕ್ಕೆ ತಾಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿದ್ದಾರೆ.

ಊರಿನ ಮಟ್ಟ
ಎಸ್‌ಡಿಎಂಸಿಯನ್ನ ಬರೀ ಆಗಸ್ಟ್ 15ಕ್ಕೆ ಸಿಹಿ ಹಂಚೋ ಕಮಿಟಿ ಅಂದ್ಕೋಬೇಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸೋದು, ಅನುದಾನದ ಖರ್ಚಿನ ಮೇಲೆ ಕಣ್ಣಿಡೋದು ಇವರ ಕೆಲಸ.

ಯಾವ ದೂರು ಯಾರಿಗೆ?
* ಶಿಕ್ಷಕರ ಕೊರತೆ: ಬಿಇಒಗೆ. 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೂ ಕನಿಷ್ಠ ಇಬ್ಬರು ಶಿಕ್ಷಕರು ಇರಲೇಬೇಕು ಅಂತ ಕಾಯ್ದೆ ಹೇಳುತ್ತೆ. ಕಾಯಂ ನೇಮಕಾತಿ ಬಿಇಒ ಕೈಯಲ್ಲಿಲ್ಲ. ಅತಿಥಿ ಶಿಕ್ಷಕರಿಗೆ ಬೇಡಿಕೆ ಇಡಿ.
* ಕೊಠಡಿ, ಶೌಚಾಲಯ ದುರಸ್ತಿ: ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸಿ. ಅದರ ಪ್ರತಿಯನ್ನ ಬಿಇಒ, ಶಾಸಕರು ಇಬ್ಬರಿಗೂ ಕೊಡಿ.
* ಕುಡಿಯುವ ನೀರು, ಕಾಂಪೌಂಡ್: ಗ್ರಾಮ ಪಂಚಾಯಿತಿ. ನರೇಗಾದಲ್ಲಿ ಎಷ್ಟೋ ಪಂಚಾಯಿತಿಗಳು ಕಾಂಪೌಂಡ್ ಕಟ್ಟಿಸಿವೆ.
* ಬಿಸಿಯೂಟ: ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು.

ಬಾಯಿಮಾತಿನ ದೂರಿಗೆ ಲೆಕ್ಕ ಇಲ್ಲ. ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. 1ರಿಂದ 8ನೇ ತರಗತಿ ಮಕ್ಕಳ ಹಕ್ಕಿನ ವಿಷಯದಲ್ಲಿ ಲಿಖಿತ ದೂರು ಬಂದರೆ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು ಅನ್ನುತ್ತೆ ಕಾಯ್ದೆಯ 32ನೇ ಸೆಕ್ಷನ್. ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು ಅಂತ ನಾಳೆಯೇ ಶಾಲೆಗೆ ಹೋಗಿ ಕೇಳಿ.