ಮನೆವಾರ್ತೆ: ಬಾಳನ್ನೆಲ್ಲ ಒಳಗೊಂಡ ಮಾತು

ಕನ್ನಡ ಬೈಬಲ್ಲಿನಲ್ಲಿ ‘ಮನೆವಾರ್ತೆಯವನು’ ಎಂಬ ಮಾತು ಎದುರಾದಾಗ, ಅದನ್ನು ಮನೆಯ ಸುದ್ದಿ ಹೇಳುವವನೆಂದು ಇಂದಿನ ಓದುಗರು ತಿಳಿದರೆ ಅಚ್ಚರಿಯಿಲ್ಲ. ವಾರ್ತೆಯೆಂದರೆ ನಮಗೀಗ ಆಕಾಶವಾಣಿಯ ವಾರ್ತೆ, ಸರ್ಕಾರದ ವಾರ್ತಾ ಇಲಾಖೆ. ಆದರೆ ಒಡೆಯನ ಆಸ್ತಿಯನ್ನು ತನ್ನದೆಂದುಕೊಳ್ಳದೆ, ತನ್ನದಕ್ಕಿಂತ ಹೆಚ್ಚಿನ ಎಚ್ಚರದಿಂದ ನಡೆಸಿ ಲೆಕ್ಕ ಒಪ್ಪಿಸುವ ಆಳಿಗೆ ಈ ಹೆಸರು ಬಂದ ದಾರಿ ಬಹಳ ಹಳೆಯದು, ಕವಲುಗಳುಳ್ಳದ್ದು.

ಹಳಗನ್ನಡದಲ್ಲಿ ಇದರ ರೂಪ ‘ಮನೆವಾೞ್ತೆ’. ಬಾೞ್ ಎಂದರೆ ಬದುಕು; ಬಾೞ್ತೆ ಎಂದರೆ ಬದುಕುವ ಬಗೆ, ಜೀವನ, ಅದರಿಂದಲೇ ಪ್ರಯೋಜನ, ಬೆಲೆ. ಸಮಾಸದಲ್ಲಿ ಪ, ಬ, ಮ ಅಕ್ಷರಗಳಿಗೆ ವಕಾರ ಬರುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳಿದ್ದಾನೆ. ಹಾಗೆ ಮನೆ, ಬಾೞ್ತೆ ಕೂಡಿ ಮನೆವಾೞ್ತೆ. ಮುಂದೆ ೞಕಾರ ಅಳಿಯುತ್ತ ಬಂದು, ವ್ಯಂಜನದ ಹಿಂದೆ ರೇಫವಾಗಿ ನಿಂತಿತು. ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದಂತೆಯೇ ‘ವಾೞ್ತೆ’ ‘ವಾರ್ತೆ’ಯಾಯಿತು. ಎಂದರೆ ಮನೆವಾರ್ತೆಯ ಹೊಟ್ಟೆಯಲ್ಲಿರುವುದು ಸುದ್ದಿಯಲ್ಲ, ಬಾಳು.

ಇಲ್ಲಿಗೆ ಸಂಸ್ಕೃತದ ‘ವಾರ್ತಾ’ ಬಂದು ಕೂಡಿಕೊಂಡದ್ದು ಭಾಷೆಯ ಸೊಗಸಾದ ಸಂಗಮ. ಕೌಟಿಲ್ಯನ ಅರ್ಥಶಾಸ್ತ್ರ ಎಣಿಸುವ ನಾಲ್ಕು ವಿದ್ಯೆಗಳಲ್ಲಿ ಆನ್ವೀಕ್ಷಕಿ, ತ್ರಯೀ, ದಂಡನೀತಿಗಳ ಜೊತೆಗೆ ವಾರ್ತೆಯೂ ಒಂದು; ಕೃಷಿ, ಪಶುಪಾಲನೆ, ವಾಣಿಜ್ಯ ಮೂರೂ ಅದರೊಳಗೆ. ಬೇರು ಬೇರೆಯಾದರೂ ಉಲಿ ಒಂದೇ ಆದ ಮೇಲೆ, ಕನ್ನಡದ ಬಾಳೂ ಸಂಸ್ಕೃತದ ಹೊಲ, ದನ, ಅಂಗಡಿಗಳೂ ಒಂದೇ ಪದದಲ್ಲಿ ಒಕ್ಕಲಾದವು.

ಇದರ ನೆಂಟನೊಬ್ಬ ರಾಜಸಭೆಗೂ ಹೋದ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಮಹಾಪ್ರಧಾನ, ದಂಡನಾಯಕ ಎಂಬ ಬಿರುದುಗಳ ನಡುವೆ ‘ಮನೆವೆರ್ಗಡೆ’ ಮತ್ತೆ ಮತ್ತೆ ಬರುತ್ತಾನೆ: ಅರಮನೆಯ ಒಳಾಡಳಿತ ನೋಡುವ ಪೆರ್ಗಡೆ, ಮುಂದೆ ಹೆಗ್ಗಡೆ, ಹೆಗಡೆ. ರಾಯಚೂರು ಸೀಮೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು ಆ ಚಾಲುಕ್ಯ ಕಾಲದ ಗುಡಿಗಳನ್ನೂ ಶಾಸನಗಳನ್ನೂ ಉಳಿಸಿಕೊಂಡ ಹಳೆಯ ವಿದ್ಯಾಕೇಂದ್ರ; ಅಲ್ಲಿಯ ಮಲೆಶಂಕರ ಗುಡಿಯಂಥ ಕಟ್ಟಡಗಳೆದುರು ನಿಂತಾಗ, ದತ್ತಿ ಕೊಟ್ಟವರಷ್ಟೇ ದತ್ತಿಯನ್ನು ಮನೆವಾರ್ತೆಯವರಂತೆ ಪೀಳಿಗೆಯಿಂದ ಪೀಳಿಗೆಗೆ ಕಾಯ್ದವರೂ ನೆನಪಾಗಬೇಕು.

ಬೈಬಲ್ಲಿನ ‘ಮನೆವಾರ್ತೆಯವನು’ ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ ‘ಓಯ್ಕೊನೊಮೊಸ್’. ಓಯ್ಕೊಸ್ ಮನೆ, ಮುಂದಿನದು ಹಂಚುವ, ನಿರ್ವಹಿಸುವ ಅರ್ಥದ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ‘ಎಕಾನಮಿ’ ಇದರದೇ ಸಂತಾನ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದ ಕನ್ನಡ ಬೈಬಲ್ಲಿನ ಕೆಲಸ ಹಲವರ ಕೈಯಲ್ಲಿ ತಿದ್ದುಪಡಿಗೊಳ್ಳುತ್ತ ಸಾಗಿದ ಪರಂಪರೆಯಲ್ಲಿ ಈ ಗ್ರೀಕ್ ಪದಕ್ಕೆ ಮನೆವಾರ್ತೆ ಜೊತೆಯಾದದ್ದು ನಮ್ಮ ಭಾಗ್ಯ. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಲೆಕ್ಕ ಕೊಡಬೇಕಾಗಿ ಬಂದ ಆಳು, ಕೊರಿಂಥದ ಪಟ್ಟಣದ ಬೊಕ್ಕಸ ನೋಡುತ್ತಿದ್ದ ಎರಸ್ತ, ಸಭೆಯ ಮೇಲ್ವಿಚಾರಕ, ಎಲ್ಲರಿಗೂ ಗ್ರೀಕಿನಲ್ಲಿ ಇದೊಂದೇ ಪದ; ಪೇತ್ರನ ಮೊದಲ ಪತ್ರಿಕೆಯಂತೂ ವರ ಪಡೆದ ಪ್ರತಿಯೊಬ್ಬರನ್ನೂ ಈ ಹೆಸರಿನಿಂದಲೇ ಕರೆಯುತ್ತದೆ.

ಆದಿಲಶಾಹಿ ಕಾಲದ ಕ್ರೈಸ್ತ ನೆನಪುಗಳಿರುವ ಮುದಗಲ್ಲನ್ನೂ ಒಳಗೊಂಡ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರು ಸೀಮೆಯ ಆಡುಮಾತು ಇದೇ ಭಾವಕ್ಕೆ ಬೇರೆ ಪದಗಳನ್ನೂ ತಂದಿತು. ಪಾರ್ಸಿಯ ‘ಉಸ್ತುವಾರ್’ ಎಂದರೆ ಗಟ್ಟಿ, ನಂಬಿಕಸ್ಥ. ಉಸ್ತುವಾರಿ ಹೊತ್ತವನಿಂದ ಮೊದಲು ಬಯಸುವುದು ನಂಬಿಗಸ್ತಿಕೆ ಎಂಬ ಪೌಲನ ಮಾತಿಗೆ ಇದಕ್ಕಿಂತ ಹತ್ತಿರದ ಪದ ಸಿಕ್ಕೀತೇ? ‘ಜವಾಬ್ದಾರಿ’ಯಲ್ಲಿ ಜವಾಬು ಕೊಡುವ ಹೊಣೆಯಿದೆ. ‘ಅಮಾನತು’ ಮೊದಲಿಗೆ ನಂಬಿ ಒಪ್ಪಿಸಿದ ಇಡುಗಂಟು. ಅದೇ ಕಚೇರಿಯ ಭಾಷೆಗೆ ಬಂದು ನೌಕರನನ್ನು ಕೆಲಸದಿಂದ ತಡೆಹಿಡಿಯುವ ಕ್ರಮವಾಯಿತು.

ಇಷ್ಟೆಲ್ಲ ಬಳಗವಿದ್ದೂ, ಕ್ರೈಸ್ತ ಸಭೆಗಳಲ್ಲಿ ಈ ಭಾವ ಎಷ್ಟೋ ಸಲ ಕಾಣಿಕೆ ಚೀಲಕ್ಕೆ, ದಶಮಾಂಶದ ಲಕೋಟೆಗೆ ಕುಗ್ಗುತ್ತದೆ. ಹತ್ತರಲ್ಲೊಂದು ಪಾಲು ಕೊಟ್ಟವರಿಗೆ ಉಳಿದ ಒಂಬತ್ತು ಪಾಲು ಸ್ವಂತದ್ದೆನಿಸಿಬಿಡುತ್ತದೆ. ಮನೆವಾರ್ತೆ ಇದನ್ನು ಒಪ್ಪದು, ಅದರ ಲೆಕ್ಕಕ್ಕೆ ಹತ್ತೂ ಪಾಲು ಸೇರಿವೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಪರಂಪರೆಯಲ್ಲಿ ಕಾಯಕದ ಗಳಿಕೆ ದಾಸೋಹದಲ್ಲಿ ಸಾರ್ಥಕವಾಗುವುದನ್ನು ಬಲ್ಲ ಈ ನೆಲಕ್ಕೆ ಅದು ಹೊರಗಿನ ವಿಚಾರವೂ ಅಲ್ಲ.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರು ನೀರಿಗಾಗಿ ಕಾಯುವಾಗ, ಮೇಲ್ಭಾಗದಲ್ಲಿ ಭತ್ತಕ್ಕೆ ಎಷ್ಟು ನೀರು ಹಾಯಿಸಬೇಕೆಂಬುದು ಮನೆವಾರ್ತೆಯ ಪ್ರಶ್ನೆ. ಹತ್ತಿ ಬಿಡಿಸುವ ಕೂಲಿಯ ಹೆಂಗಸಿಗೆ ಕೊಡುವ ಬಟವಾಡೆ, ಹೊಲಕ್ಕೆ ಸುರಿಯುವ ಗೊಬ್ಬರ, ಮಗಳ ಓದು, ತನ್ನ ದೇಹ, ತನ್ನ ಹೊತ್ತು, ಎಲ್ಲವೂ ಅದರ ಪ್ರಶ್ನೆಗಳೇ. ಆದ್ದರಿಂದ ಸಭೆಯ ಉಪದೇಶಕರು ಈ ಪದವನ್ನು ಹಳತೆಂದು ಬಿಡದೆ, ಭಾನುವಾರದ ಕಾಣಿಕೆಯ ಹೊತ್ತಿಗಷ್ಟೇ ಅಲ್ಲ, ಬಿತ್ತನೆಗೆ, ಬಟವಾಡೆಗೆ, ನೀರಿನ ಸರದಿಗೆ ಅನ್ವಯಿಸಿ ಬಾಯಿತುಂಬ ಬಳಸಲಿ. ಬಾೞ್ ಎಂಬ ಬೇರಿನಿಂದ ಹುಟ್ಟಿದ ಮಾತು ಬಾಳಿನಷ್ಟೇ ಅಗಲವಾಗಿರಲಿ.