ಮಂಗನ ಕಾಯಿಲೆಯ ವೈರಸ್ಸು: ಮಾದರಿ, ಮಾಹಿತಿ, ಪಾಲು

ಮಂಗನ ಕಾಯಿಲೆ ತರುವ ವೈರಸ್ಸಿನ ವಂಶವಾಹಿ ಸುಮಾರು 10,770 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ. ಅಚ್ಚು ಹಾಕಿದರೆ ಪುಸ್ತಕದ ಏಳೆಂಟು ಪುಟ ಆದೀತು. ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಿಂದ ಇದನ್ನು ಇಂದು ಯಾವ ದೇಶದವರೂ ಕಾಸಿಲ್ಲದೆ ತೆಗೆದು ಓದಬಹುದು. ಆ ಅಕ್ಷರಗಳ ಮೂಲವಿರುವುದು ಮಲೆನಾಡಿನ ಮತ್ತು ಕರಾವಳಿಯ ಕಾಡಂಚಿನ ಜನರ ರಕ್ತದಲ್ಲಿ, ಸತ್ತು ಬಿದ್ದ ಮಂಗಗಳ ಅಂಗಾಂಶದಲ್ಲಿ, ತರಗೆಲೆಯ ನಡುವಿನ ಉಣುಗಿನಲ್ಲಿ. ಕಾಡಿನಿಂದ ಭಂಡಾರದವರೆಗಿನ ದಾರಿಗೆ ಅರ್ಧ ಶತಮಾನ ಹಿಡಿಯಿತು.

ಹೆಸರಿನ ಬಗ್ಗೆ ಒಂದು ಮಾತು. ಕೆನ್ನೆ ಊದುವ ಮಂಗನ ಬಾವಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ವೈದ್ಯರ ದಾಖಲೆಗಳಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ, ಮೂರಕ್ಷರದಲ್ಲಿ ಕೆಎಫ್‌ಡಿ. ಸೊರಬ ತಾಲೂಕಿನ ಒಂದು ಕಾಡಿನ ಹೆಸರು ಹೀಗೆ ಜಗತ್ತಿನ ವೈದ್ಯಶಾಸ್ತ್ರಕ್ಕೆ ಸೇರಿಹೋಯಿತು.

1957ರ ಮೊದಲ ತಿಂಗಳುಗಳಲ್ಲಿ ಆ ಕಾಡಿನ ಸುತ್ತ ಮುಸುವಗಳೂ ಕೆಂಪು ಮೂತಿಯ ಕೋತಿಗಳೂ ಸಾಯತೊಡಗಿದವು. ಕಟ್ಟಿಗೆಗೂ ಸೊಪ್ಪಿಗೂ ಕಾಡಿಗೆ ಹೋದವರು ಜ್ವರ, ತಲೆನೋವು, ಮೈಕೈ ಸೆಳೆತ, ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಆ ವರ್ಷ ಲೆಕ್ಕಕ್ಕೆ ಸಿಕ್ಕ ರೋಗಿಗಳು 466, ಮರುವರ್ಷ 181. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದನ್ನು ಕಂಡವರಿಗೆ ಮೊದಲು ನೆನಪಾದದ್ದು ಹಳದಿ ಜ್ವರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಕಾಲಿಟ್ಟಿರಲಿಲ್ಲ, ಇಟ್ಟರೆ ಅನಾಹುತವಾಗುತ್ತಿತ್ತು. ತನಿಖೆಗೆ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಕಟ್ಟಿದ್ದ ಸಂಸ್ಥೆ ಅದು. ನಿರ್ದೇಶಕ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಬೇಗನೆ ವೈರಸ್ಸನ್ನು ಬೇರ್ಪಡಿಸಿದರು.

ಆಗ ವಂಶವಾಹಿಯನ್ನು ಓದುವ ವಿದ್ಯೆಯೇ ಇರಲಿಲ್ಲ. ಹೊಸ ವೈರಸ್ಸು ಯಾವ ಕುಲದ್ದೆಂದು ತಿಳಿಯಬೇಕಾದರೆ, ಗೊತ್ತಿರುವ ವೈರಸ್ಸುಗಳ ವಿರುದ್ಧ ತಯಾರಾದ ರಕ್ತಸಾರದೊಂದಿಗೆ ಅದನ್ನು ತಾಳೆ ನೋಡಬೇಕಿತ್ತು. ಅಂಥ ರಕ್ತಸಾರಗಳಿದ್ದದ್ದು ಹೊರದೇಶದ ಪ್ರಯೋಗಾಲಯಗಳ ಸಂಗ್ರಹದಲ್ಲಿ. ತಾಳೆಯಾದದ್ದು ಹಳದಿ ಜ್ವರಕ್ಕಲ್ಲ, ಸಾವಿರಾರು ಮೈಲಿ ಆಚೆಯ ರಷ್ಯಾದ ವಸಂತ–ಬೇಸಗೆ ಮಿದುಳುಜ್ವರದ ಕುಟುಂಬಕ್ಕೆ. ಸೈಬೀರಿಯಾದ ಬಂಧು ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಮೂಲಕವೇ ಎಂಬ ಅನುಮಾನ ಹುಟ್ಟಿತು. ಮುಂಬೈಯ ನೈಸರ್ಗಿಕ ಇತಿಹಾಸ ಸಂಘದಲ್ಲಿ ಸಲೀಂ ಅಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸಿ ಅಧ್ಯಯನ ಆರಂಭಿಸಲು ಇದೂ ಒಂದು ಕಾರಣ.

ಕುಟುಂಬ ಒಂದೇ ಆದರೆ ಮದ್ದೂ ಒಂದೇ ಆದೀತೆಂದು ರಷ್ಯಾ ರೋಗದ ಲಸಿಕೆಯನ್ನು ತರಿಸಿ ಶಿವಮೊಗ್ಗದಲ್ಲಿ ಕೊಟ್ಟು ನೋಡಿದರು. ಅದು ರಕ್ಷಣೆ ಕೊಡಲಿಲ್ಲ. ಹಾಗಾಗಿ ಸ್ಥಳೀಯ ವೈರಸ್ಸಿನಿಂದಲೇ ಲಸಿಕೆ ಮಾಡಬೇಕಾಯಿತು. 1957ರಲ್ಲಿ ಬೇರ್ಪಡಿಸಿದ ಪಿ9605 ಎಂಬ ತಳಿ ಅದರ ಬೀಜವಾಯಿತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಈ ಲಸಿಕೆ ಮುಂದೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಯಿತು. ಅದೇ ಪಿ9605 ವಿದೇಶದ ಪ್ರಯೋಗಾಲಯಗಳಿಗೂ ಹೋಗಿ, ಬಹುಕಾಲ ಕ್ಯಾಸನೂರು ವೈರಸ್ಸೆಂದರೆ ಅದೊಂದೇ ಎನ್ನುವಂತಾಯಿತು.

ಹೀಗೆ ಮಾದರಿಗಳು ಹೊರಹೋಗುವುದನ್ನು ಎಲ್ಲರೂ ಮೆಚ್ಚಲಿಲ್ಲ. ಹಕ್ಕಿ ಅಧ್ಯಯನಕ್ಕೆ ಕೆಲ ವರ್ಷ ಹಣ ಬಂದದ್ದು ಅಮೆರಿಕದ ಸೈನ್ಯದ ಯೋಜನೆಯೊಂದರಿಂದ. 1974ರ ಹೊತ್ತಿಗೆ ಇದು ಪತ್ರಿಕೆಗಳಲ್ಲಿ ಸುದ್ದಿಯಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ವರದಿಯಲ್ಲಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳನ್ನು ಕಟುವಾಗಿ ಪ್ರಶ್ನಿಸಿತು. ನಮ್ಮ ರೋಗದ ಮಾಹಿತಿ ಯಾರ ಕೈಗೆ, ಯಾವ ಕೆಲಸಕ್ಕೆ ಎಂಬ ಆತಂಕ ಅದರ ಹಿಂದಿತ್ತು. ಆತಂಕಕ್ಕೆ ಆಧಾರವಿತ್ತು. ಆದರೆ ಅದರ ಛಾಯೆಯಲ್ಲಿ ಹಂಚಿಕೊಳ್ಳುವುದೇ ಅಪಾಯವೆಂಬ ಅಭ್ಯಾಸವೂ ಕಚೇರಿಗಳಲ್ಲಿ ಬೇರೂರಿತು.

ಕಾಯಿಲೆ ಘಟ್ಟ ಇಳಿದು ದಕ್ಷಿಣ ಕನ್ನಡದಲ್ಲಿ ದೊಡ್ಡ ಸದ್ದು ಮಾಡಿದ್ದು 1982–83ರಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆ ಪರಿಸರದಲ್ಲಿ. ಗೇರು ತೋಟಕ್ಕಾಗಿ ಮೀಸಲು ಕಾಡನ್ನು ಕಡಿದು ಬೋಳು ಮಾಡಿದ ಬೆನ್ನಿಗೇ ಮಂಗಗಳು ಸತ್ತವು, ಕಡಿಯಲು ಹೋದ ಕೂಲಿಗಳೂ ಆಸುಪಾಸಿನ ಕೃಷಿಕರೂ ಜ್ವರಕ್ಕೆ ಬಿದ್ದರು. 1983ರ ಋತುವಿನಲ್ಲಿ 1,555 ರೋಗಿಗಳು, 150 ಸಾವು: ಈ ಕಾಯಿಲೆಯ ಚರಿತ್ರೆಯ ಅತಿ ಕೆಟ್ಟ ವರ್ಷಗಳಲ್ಲಿ ಒಂದು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದು ಬರೆದರು. ಕಾಡು ಕಡಿದದ್ದಕ್ಕೆ ದೈವಗಳು ಮುನಿದವೆಂದು ಊರವರು ಕಂಡದ್ದನ್ನೂ ಅವರು ದಾಖಲಿಸಿದರು. ಕಾಡು ಕಡಿದದ್ದಕ್ಕೂ ಕಾಯಿಲೆಗೂ ನಂಟಿದೆ ಎಂಬಷ್ಟರಲ್ಲಿ ಊರವರೂ ವಿಜ್ಞಾನಿಗಳೂ ಒಂದೇ ಮಾತಾಡುತ್ತಿದ್ದರು.

ಬೆಳ್ತಂಗಡಿಯ ನೆರೆಯದು ಆಗಿನ ಪುತ್ತೂರು ತಾಲೂಕು. ಈಗ ಕಡಬ ತಾಲೂಕಿಗೆ ಸೇರಿರುವ ಕಾಣಿಯೂರು ಅಂದು ಅದರೊಳಗಿತ್ತು. ಮಂಗಳೂರು–ಹಾಸನ ರೈಲುಮಾರ್ಗದಲ್ಲಿ ಕಾಣಿಯೂರು ದಾಟಿ ಎಡಮಂಗಲ, ಕೋಡಿಂಬಾಳದತ್ತ ಸಾಗಿದಂತೆ ಕಾಡು ಒತ್ತೊತ್ತಾಗುತ್ತದೆ. ಇಲ್ಲಿನ ಬದುಕಿಗೂ ನಿಡ್ಲೆಯದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ: ಅಡಿಕೆ ತೋಟ, ತೋಟದ ಬುಡಕ್ಕೂ ಹಟ್ಟಿಗೂ ಬೇಕಾದ ಸೊಪ್ಪು ತರಗೆಲೆ, ಗುಡ್ಡೆಗೆ ಬಿಟ್ಟ ದನ. ವೈರಸ್ಸಿನ ವಾಹಕವಾದ ಹೆಮಫೈಸಾಲಿಸ್ ಸ್ಪಿನಿಜೆರಾ ಉಣುಗಿಗೆ ಒಪ್ಪುವ ಏರ್ಪಾಡು ಇದು. ದನಕ್ಕೆ ರೋಗ ಬರುವುದಿಲ್ಲ, ಆದರೆ ಬೆಳೆದ ಉಣುಗು ಅದರ ರಕ್ತ ಕುಡಿದು ಮೊಟ್ಟೆಯಿಡುತ್ತದೆ. ಮಳೆ ನಿಂತು ಚಳಿ ಹಿಡಿದ ಮೇಲೆ ಮರಿ ಉಣುಗುಗಳು ತರಗೆಲೆಯಲ್ಲಿ ತುಂಬುತ್ತವೆ, ನವೆಂಬರಿನಿಂದ ಮೇವರೆಗೆ ಮನುಷ್ಯನನ್ನು ಕಚ್ಚುವುದು ಅವೇ. ಒಂದು ತಾಲೂಕಿನ ರಕ್ತದ ಮಾದರಿ ಹೇಳುವ ಸುದ್ದಿ ಪಕ್ಕದ ತಾಲೂಕಿಗೆ ಅಷ್ಟೇ ಮುಖ್ಯವಾಗುವುದು ಇದರಿಂದ. ಉಣುಗಿಗೆ ತಾಲೂಕಿನ ಗಡಿ ಗೊತ್ತಿಲ್ಲ.

ಅಕ್ಷರ ಓದುವ ಕಾಲ ಬಂದದ್ದು ತಡವಾಗಿ, ಅದೂ ಅರೇಬಿಯಾದ ದಾರಿಯಿಂದ. 1995ರಲ್ಲಿ ಸೌದಿ ಅರೇಬಿಯಾದಲ್ಲಿ ರಕ್ತಸ್ರಾವ ಜ್ವರದ ಹೊಸ ವೈರಸ್ಸೊಂದು ಸಿಕ್ಕಿತು. 2001ರಲ್ಲಿ ಅದರ ವಂಶವಾಹಿಯ ಪೂರ್ಣ ಸಂಕೇತ ಪ್ರಕಟವಾಗಿ, ಅದು ಕ್ಯಾಸನೂರು ವೈರಸ್ಸಿನ ಒಡಹುಟ್ಟೆಂಬುದು ಗಟ್ಟಿಯಾಯಿತು. ಕರ್ನಾಟಕದ ಕಾಡಿಗಷ್ಟೇ ಸೀಮಿತ ಎಂದುಕೊಂಡಿದ್ದ ರೋಗಕ್ಕೆ ಮರುಭೂಮಿಯಲ್ಲಿ ನೆಂಟ ಸಿಕ್ಕ. ಎರಡೂ ಕಡೆಯ ಅಕ್ಷರಗಳು ಒಂದೇ ಕಡೆ ಇಲ್ಲದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ.

2009ರಲ್ಲಿ ಪುಣೆಯ ಸಂಸ್ಥೆ (1978ರಿಂದ ಅದು ರಾಷ್ಟ್ರೀಯ ವೈರಾಣು ಸಂಸ್ಥೆ) ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಜತೆ ಸೇರಿ ತನ್ನ ಹಳೆಯ ಗಂಟನ್ನು ಬಿಚ್ಚಿತು. 1957ರಿಂದ 2006ರ ನಡುವೆ ಬೇರ್ಪಡಿಸಿ ಇಟ್ಟಿದ್ದ 48 ವೈರಸ್ಸುಗಳ ಎರಡು ವಂಶವಾಹಿ ತುಣುಕುಗಳನ್ನು ಓದಿ, ಇವೆಲ್ಲದರ ಸಮಾನ ಪೂರ್ವಜ 1942ರ ಆಸುಪಾಸಿನದೆಂದು ಅಂದಾಜು ಮಾಡಲಾಯಿತು. ಅದೇ ವರ್ಷ ಚೀನಾದ ಸಂಶೋಧಕರು ಯುನ್ನಾನ್‌ನಲ್ಲಿ 1989ರಲ್ಲಿ ಸಿಕ್ಕ ವೈರಸ್ಸಿನ ಸಂಕೇತ ಪ್ರಕಟಿಸಿದರು. ಅದು ಪಿ9605ರ ಪಡಿಯಚ್ಚಿನಂತಿತ್ತು. ಸ್ವತಂತ್ರವಾಗಿ ಹರಡುವ ವೈರಸ್ಸು ದಶಕಗಳ ಮೇಲೂ ಹಾಗೆ ಮಾರ್ಪಡದೆ ಉಳಿಯುವುದು ಕಷ್ಟ. ಹಾಗಾಗಿ ಪ್ರಯೋಗಾಲಯದ ಬೆರಕೆ ಆಗಿರಬಹುದೆಂಬ ಸಂಶಯ ಬಂತು. ತೆರೆದಿಟ್ಟ ಮಾಹಿತಿಯ ಲಾಭ ಇಂಥಲ್ಲಿ ಕಾಣುತ್ತದೆ: ಯಾರ ತಪ್ಪನ್ನೂ ಯಾರೂ ಪರೀಕ್ಷಿಸಬಹುದು. 2011ರಲ್ಲಿ ಪೂರ್ಣ ಸಂಕೇತಗಳ ಮೇಲೆ ನಡೆದ ಇನ್ನೊಂದು ಅಧ್ಯಯನ, ಕ್ಯಾಸನೂರು ಮತ್ತು ಸೌದಿ ವೈರಸ್ಸುಗಳು ಕವಲಾಗಿ ಸುಮಾರು 700 ವರ್ಷವಾಯಿತೆಂದಿತು.

ಅಷ್ಟರಲ್ಲಿ ಕಾಯಿಲೆ ನಡೆಯತೊಡಗಿತ್ತು. 2012ರ ಕೊನೆಗೆ ಬಂಡೀಪುರ, ಮುಂದೆ ವಯನಾಡು, ನೀಲಗಿರಿ, 2015ರಲ್ಲಿ ಗೋವಾ, 2016ರಲ್ಲಿ ಸಿಂಧುದುರ್ಗ. ಹೊಸ ಊರಿನಲ್ಲಿ ರೋಗವನ್ನು ಗುರುತಿಸಿದ್ದು ಪಿಸಿಆರ್ ಪರೀಕ್ಷೆ. ಆ ಪರೀಕ್ಷೆಯ ಕೊಕ್ಕೆಗಳು ವೈರಸ್ಸಿನ ಗೊತ್ತಿರುವ ಅಕ್ಷರಗಳಿಗೆ ಸರಿಯಾಗಿ ಕೂತುಕೊಳ್ಳಬೇಕು. ಅಕ್ಷರ ಬದಲಾದದ್ದು ತಿಳಿಯದಿದ್ದರೆ ಕೊಕ್ಕೆ ಜಾರಿ, ರೋಗವಿದ್ದರೂ ಇಲ್ಲವೆಂಬ ವರದಿ ಬರಬಹುದು. 1957ರಿಂದ 2017ರವರೆಗಿನ ಪೂರ್ಣ ಸಂಕೇತಗಳನ್ನು ಕೂಡಿಸಿ, ಪಶ್ಚಿಮ ಘಟ್ಟದುದ್ದಕ್ಕೂ ವೈರಸ್ಸು ಸಾಗಿದ ಹಾದಿಯನ್ನು ಪುಣೆಯವರು ಪ್ರಕಟಿಸಿದ್ದು 2020ರಲ್ಲಿ. ಮೊದಲ ರೋಗಿಯಿಂದ ಈ ನಕ್ಷೆಯವರೆಗೆ ಅರುವತ್ತಮೂರು ವರ್ಷ.

ಹಂಚಿಕೆಯ ನಿಯಮಗಳನ್ನು ಜಗತ್ತು ಬರೆದದ್ದು ಬೇರೆ ರೋಗಗಳ ಹೆಸರಿನಲ್ಲಿ. ತಾನು ಕೊಟ್ಟ ಹಕ್ಕಿಜ್ವರದ ಮಾದರಿಯಿಂದ ಪರದೇಶದ ಕಂಪನಿಗಳು ಲಸಿಕೆ ಮಾಡಿ ತನಗೆ ಎಟುಕದ ಬೆಲೆಗೆ ಮಾರುತ್ತವೆಂದು ಇಂಡೊನೇಷ್ಯಾ 2007ರಲ್ಲಿ ಮಾದರಿ ಕಳಿಸುವುದನ್ನೇ ನಿಲ್ಲಿಸಿತು. ಮರುವರ್ಷ ಗಿಸೆಯ್ಡ್ ಭಂಡಾರ ತೆರೆಯಿತು. ಅಲ್ಲಿ ಮಾಹಿತಿ ಪಡೆಯುವವರು ಹೆಸರು ನೋಂದಾಯಿಸಿ, ಕೊಟ್ಟವರನ್ನು ಸ್ಮರಿಸಬೇಕು. ಜೀನ್‌ಬ್ಯಾಂಕಿಗೆ ಅಂಥ ಷರತ್ತಿಲ್ಲ. 2011ರ ಇನ್‌ಫ್ಲುಯೆಂಜಾ ಒಪ್ಪಂದ ಮಾದರಿ ಕೊಟ್ಟ ದೇಶಗಳಿಗೆ ಲಸಿಕೆಯಲ್ಲಿ ಪಾಲು ಕಲ್ಪಿಸಿತು, ಆದರೆ ಫ್ಲೂಗೆ ಮಾತ್ರ. ಭಾರತದ 2002ರ ಜೀವವೈವಿಧ್ಯ ಕಾಯ್ದೆ ಮತ್ತು 2010ರ ನಗೋಯಾ ಒಡಂಬಡಿಕೆ ಜೈವಿಕ ಸಂಪನ್ಮೂಲದ ಲಾಭ ಹಂಚಿಕೆಯನ್ನು ಹೇಳಿದರೂ, ಬಾಟಲಿಯ ವೈರಸ್ಸಿಗೆ ಅನ್ವಯಿಸಿದ ಮಾತು ಕಂಪ್ಯೂಟರಿನ ಅಕ್ಷರಗಳಿಗೆ ಅನ್ವಯಿಸುತ್ತದೆಯೇ ಎಂಬ ಜಗಳ ಉಳಿಯಿತು.

ಕೋವಿಡ್ ಕಾಲದಲ್ಲಿ ಈ ಜಗಳದ ಎರಡೂ ಮುಖ ಕಂಡವು. 2020ರ ಡಿಸೆಂಬರಿನಲ್ಲಿ ಭಾರತ ಕೋವಿಡ್ ವೈರಸ್ಸಿನ ಸಂಕೇತ ಓದಲು ಹತ್ತು ಪ್ರಯೋಗಾಲಯಗಳ ಇನ್ಸಾಕಾಗ್ ಕೂಟ ಕಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರಲ್ಲಿತ್ತು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾ ಒಮೈಕ್ರಾನ್ ಸಂಕೇತವನ್ನು ಜಗತ್ತಿಗೆ ತೆರೆದಿಟ್ಟವು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾದದ್ದು ಘೋಷಣೆಯಾಯಿತು. ಏನನ್ನು ಹುಡುಕಬೇಕೆಂದು ಆ ಹೊತ್ತಿಗೆ ಗೊತ್ತಿತ್ತು. ತೆರೆದಿಟ್ಟ ದೇಶಗಳಿಗೆ ಸಿಕ್ಕ ಬಹುಮಾನ ವಿಮಾನ ನಿಷೇಧ. 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಭಾರತದ್ದೇ ಜೈವಿಕ ದತ್ತಾಂಶ ಕೇಂದ್ರ ಉದ್ಘಾಟನೆಯಾಯಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದಾಗ, ರೋಗಾಣು ಮಾಹಿತಿ ಮತ್ತು ಲಾಭ ಹಂಚಿಕೆಯ ಅನುಬಂಧವನ್ನು ಮುಂದಿನ ಮಾತುಕತೆಗೆ ಬಿಟ್ಟಿತು. ಇಡೀ ಒಪ್ಪಂದದ ಕಗ್ಗಂಟು ಅದೇ ಆಗಿತ್ತು.

ಮಂಗನ ಕಾಯಿಲೆಯ ಲೆಕ್ಕದಲ್ಲಿ ಲಾಭ ಎಂದರೆ ಲಸಿಕೆ. 1990–92ರ ಪ್ರಯೋಗದಲ್ಲಿ ಎರಡು ಡೋಸಿನ ರಕ್ಷಣೆ ಶೇ. 93.5 ಎಂದು ವರದಿಯಾಗಿತ್ತು. 2005–10ರ ಅಂಕಿಗಳನ್ನು 2013ರಲ್ಲಿ ವಿಶ್ಲೇಷಿಸಿದಾಗ ಅದು ಶೇ. 62.4ಕ್ಕೆ ಇಳಿದಿತ್ತು. ವೈರಸ್ಸು ಪಿ9605ರಿಂದ ದೂರ ಸರಿದಿತ್ತೋ, ತಯಾರಿಕೆ ಸೊರಗಿತ್ತೋ, ಜನ ಡೋಸ್ ತಪ್ಪಿಸಿದ್ದರೋ ಎಂದು ಬಿಡಿಸಿ ಹೇಳಲು ಆಯಾ ವರ್ಷದ, ಆಯಾ ಊರಿನ ವೈರಸ್ಸಿನ ಸಂಕೇತ ಆಗಿಂದಾಗ ಕೈಗೆ ಸಿಗಬೇಕಿತ್ತು. 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜತೆ ಹೊಸ ಲಸಿಕೆಗೆ ಕೈಹಾಕಿದೆ. ಈ ನಡುವೆ ಕಾಡಂಚಿನ ಊರುಗಳಿಗೆ ಋತು ಬಂದಾಗ ತಲುಪುವುದು, ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ.