ಕಂಡಕ್ಟರನ ಮೆಟ್ಟಿಲು

ನಮ್ಮಪ್ಪ ಮುಂಬೈಯಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್. ಐವತ್ತಾರಕ್ಕೇ ಎದೆನೋವಿನಿಂದ ಹೋದರು. ಅವರ ಜೊತೆಯ ಕಂಡಕ್ಟರ್, ಕುಂದಾಪುರ ಕಡೆಯ ಮಾಮ, ಎಂಬತ್ತು ದಾಟಿಯೂ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಣೆಬರಹ ಎಂದುಕೊಂಡಿದ್ದೆವು. ಕಳೆದ ವರ್ಷ ನನ್ನದೇ ರಕ್ತಪರೀಕ್ಷೆಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಗೆರೆ ದಾಟಿದಾಗ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯನ ಬಗ್ಗೆ ಓದಿದೆ.

ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸುಮಾರು 31,000 ಬಸ್, ಟ್ರಾಮ್ ನೌಕರರ ಆರೋಗ್ಯದ ಲೆಕ್ಕ ಹಿಡಿದರು. ಅದು 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ದಿನವಿಡೀ ಕೂತ ಡ್ರೈವರುಗಳಿಗಿಂತ ಮೇಲಂತಸ್ತಿಗೆ ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ, ಅಷ್ಟು ಮಾರಕವಲ್ಲ. ನನಗೆ ಹಿಡಿಸಿದ್ದು ಮುಂದಿನದು. 1956ರಲ್ಲಿ ಸಮವಸ್ತ್ರದ ಅಳತೆ ತೆಗೆದು ನೋಡಿದರೆ, ಡ್ರೈವರುಗಳ ಸೊಂಟ ಎಳೆಯ ವಯಸ್ಸಿನಲ್ಲೇ ದಪ್ಪ. ಹಾಗಾದರೆ ತಪ್ಪು ಸೀಟಿನದೋ, ಆಳಿನದೋ? ತನ್ನ ವಾದಕ್ಕೇ ತೊಡಕಾಗುವ ಈ ಲೆಕ್ಕವನ್ನು ಆತ ಮುಚ್ಚಿಡಲಿಲ್ಲ.

ಸಕ್ಕರೆಯ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. ಚೆನ್ನೈಯ ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಅಪಾಯ ಶೇ. 28.5 ಇಳಿದಿತ್ತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 26.4. ಎರಡನ್ನೂ ಸೇರಿಸಿದರೆ ಹೆಚ್ಚೇನೂ ದಕ್ಕಲಿಲ್ಲ.

ನಾನೀಗ ಅನ್ನ ಅರ್ಧಕ್ಕೆ ಇಳಿಸಿದ್ದೇನೆ, ಲಿಫ್ಟ್ ಬಿಟ್ಟು ಐದು ಮಹಡಿ ಹತ್ತುತ್ತೇನೆ. ಸಕ್ಕರೆ ಇಳಿದಿದೆ, ಕೊಲೆಸ್ಟ್ರಾಲ್ ಇನ್ನೂ ಹಟ ಬಿಟ್ಟಿಲ್ಲ. ಅಪ್ಪನ ಖಾಕಿ ಪ್ಯಾಂಟು ಟ್ರಂಕಿನಲ್ಲಿದೆ. ಅದರ ಸೊಂಟ ಅಳೆಯುವ ಧೈರ್ಯ ಇನ್ನೂ ಬಂದಿಲ್ಲ.